ಅವ್ವನ ಮಸಿಬಟ್ಟೆ

ನಮ್ಮೂರಿನ ಮ್ಯೂಸಿಯಮ್ಮಿನೊಳಕ್ಕೆ ಎರಡು ಕಾಲಿನ ಮೇಲೆ ಯಾರೂ ಹೋಗುವಂತಿಲ್ಲ. ಚಪ್ಪಲಿಯನ್ನೂ ಜಂಬವನ್ನೂ ಬಾಗಿಲಲ್ಲೇ ಬಿಟ್ಟು, ಅಂಗೈ ಮಂಡಿ ಊರಿಕೊಂಡು ಹೋಗಬೇಕು. ಛೇರ್ಮನ್ನರಾದರೂ ಅಷ್ಟೆ, ಅವರ ಕಾರಿನ ಡ್ರೈವರನಾದರೂ ಅಷ್ಟೆ. ಹಿಂದೊಮ್ಮೆ ಪರವೂರಿನ ಸಾಹೇಬರೊಬ್ಬರು ಪ್ಯಾಂಟಿನ ಇಸ್ತ್ರಿ ಕೆಡುತ್ತದೆಂದು ನಿಂತೇ ನೋಡುತ್ತೇನೆ ಅಂದರಂತೆ. ಅವರಿಗೆ ಸುಣ್ಣ ಬಳಿದ ಗೋಡೆಯ ಹೊರತು ಏನೂ ಕಾಣಲಿಲ್ಲವಂತೆ. ಕಾಣುವುದಾದರೂ ಹೇಗೆ? ಅಲ್ಲಿನ ಸಾಮಾನುಗಳನ್ನೆಲ್ಲ ನೆಲದಿಂದ ಮೊಳದೆತ್ತರದಲ್ಲಿ, ಅಂಬೆಗಾಲಿಡುವ ಮಕ್ಕಳ ಕಣ್ಣಿಗೆ ಸರಿಯಾಗಿ ಜೋಡಿಸಿಟ್ಟಿದ್ದಾರೆ. ದೊಡ್ಡವರು ನೋಡಿದರೆಷ್ಟು, ಬಿಟ್ಟರೆಷ್ಟು. ಅವು ಉಳಿಯುವುದು ಇನ್ನೂ ಮಾತು ಬಾರದ ಮಕ್ಕಳ ನೋಟದಿಂದ.

ರಾಜರ ಕತ್ತಿ, ಕಿರೀಟ ಅಂಥದ್ದೇನೂ ಅಲ್ಲಿಲ್ಲ. ನಮ್ಮೂರಿಗೆ ಯಾವ ರಾಜನೂ ಬಂದ ಹಾಗಿಲ್ಲ. ಬಂದಿದ್ದರೂ ಏನನ್ನಾದರೂ ಬಿಟ್ಟು ಹೋಗುವಷ್ಟು ಹೊತ್ತು ನಿಂತಿರಲಿಕ್ಕಿಲ್ಲ. ಅಲ್ಲಿರುವುದೆಲ್ಲ ತೀರಿಕೊಂಡ ನಮ್ಮವರದೇ ಒಂದೊಂದು ಸಾಮಾನು. ತಿಥಿ ಮುಗಿದ ಮೇಲೆ ಮನೆಯವರು ಕನ್ನಡಕವನ್ನೋ ಊರುಗೋಲನ್ನೋ ಹೊಲಿಗೆ ಮಿಷನ್ನಿನ ಚಕ್ರವನ್ನೋ ತಂದುಕೊಡುತ್ತಾರೆ. ಒಂದು ಮಳೆಗಾಲದಿಂದ ಮತ್ತೊಂದು ಮಳೆಗಾಲದೊಳಗೆ ಯಾವುದಾದರೊಂದು ಮಗು ಅದನ್ನು ತಾನಾಗಿ ದಿಟ್ಟಿಸಿ ನೋಡಬೇಕು. ನೋಡದಿದ್ದರೆ ಮೊದಲು ಅದರ ನೆರಳು ಹೋಗುತ್ತದೆ, ಆಮೇಲೆ ತೂಕ, ಕೊನೆಗೆ ಅದೇ ಹೋಗುತ್ತದೆ. ಅದು ಹೋದ ದಿನ ಮನೆಯವರ ನೆನಪಿನಿಂದ ಸತ್ತವರ ದನಿಯೂ ಹೊರಟುಹೋಗುತ್ತದೆ. ಮುಖ ನೆನಪಿರುತ್ತದೆ, ಆಡಿದ ಮಾತೂ ನೆನಪಿರುತ್ತದೆ, ದನಿ ಮಾತ್ರ ಇಲ್ಲ. ನಮ್ಮ ಬೀದಿಯ ಕರಿಗಿರಿಯಪ್ಪನವರ ಛತ್ರಿ ಹೋದ ಮಾರನೆಯ ದಿನ ಅವರ ಇಬ್ಬರು ಗಂಡುಮಕ್ಕಳು ಜಗುಲಿಯ ಮೇಲೆ ಕೂತು, ಅಪ್ಪನದು ಗೊಗ್ಗರು ದನಿಯೋ ಕೀರಲು ದನಿಯೋ ಎಂದು ವಾದ ಮಾಡುತ್ತಿದ್ದರು. ಗೊಗ್ಗರು ಎಂದು ನಾವು ಬೀದಿಯವರೆಲ್ಲ ಹೇಳಿದೆವು. ಹೇಳಿದರೆ ದನಿ ಬರುತ್ತದೆಯೇ?

ಹೀಗಾಗಿ ಎಳೆಮಗುವಿರುವ ಮನೆಗೆ ನಮ್ಮೂರಿನಲ್ಲಿ ಇರುವ ಮರ್ಯಾದೆ ಗುಡಿಗೂ ಇಲ್ಲ. ತೊಟ್ಟಿಲು ಶಾಸ್ತ್ರಕ್ಕೆ ಕರೆಯದವರೂ ಬರುತ್ತಾರೆ, ಕೈಯಲ್ಲಿ ಚಕ್ಕುಲಿ ಡಬ್ಬ ಇರುತ್ತದೆ, ನಮ್ಮತ್ತೆಯ ಗಿಂಡಿಯ ಕಡೆ ಕಂದಮ್ಮ ಒಂದು ಸಲ ಕಣ್ಣು ಹಾಯಿಸಲಿ ಎಂಬ ಕೋರಿಕೆ ಇರುತ್ತದೆ. ಅವಳಿ ಮಕ್ಕಳನ್ನು ಹೆತ್ತವಳಂತೂ ಒಂದು ವರ್ಷ ಒಲೆ ಹಚ್ಚಬೇಕಿಲ್ಲ. ಆದರೆ ಚಕ್ಕುಲಿ ತಿಂದ ಋಣಕ್ಕೆ ಮಗುವನ್ನು ಎತ್ತಿ ತೋರಿಸುವಂತಿಲ್ಲ, ಬೆರಳು ಮಾಡುವಂತಿಲ್ಲ, ಸಾಮಾನಿಗೆ ಗೆಜ್ಜೆ ಗಿಲಕಿ ಕಟ್ಟುವಂತಿಲ್ಲ. ಮಗುವನ್ನು ಹೊಸಿಲ ಒಳಗೆ ಇಳಿಸಿಬಿಟ್ಟರೆ ಆಮೇಲೆ ಅದರ ಇಷ್ಟ. ಮಕ್ಕಳ ಇಷ್ಟವೋ, ಆ ದೇವರಿಗೇ ಪ್ರೀತಿ.

ಬುಧವಾರದ ಬೆಳಗು ಮಕ್ಕಳ ಹೊತ್ತು. ಮ್ಯೂಸಿಯಮ್ ನೋಡಿಕೊಳ್ಳುವ ಶಿವಗಂಗಮ್ಮ ಅಂದು ನೆಲಕ್ಕೆಲ್ಲ ಕೌದಿ ಹಾಸಿರುತ್ತಾಳೆ. ನಡುವೆ ಅಗಲವಾದ ಬೋಗುಣಿಯಲ್ಲಿ ನೀರು, ನೀರಿನಲ್ಲಿ ದಾಸವಾಳದ ಹೂವು. ಒಂದು ಮೂಲೆಯಲ್ಲಿ ಹಳೆಯ ಸೀರೆಗಳನ್ನು ಕಟ್ಟಿ ಮಾಡಿದ ಸುರಂಗ, ಇನ್ನೊಂದರಲ್ಲಿ ಮಕ್ಕಳು ತಮ್ಮನ್ನೇ ಕಂಡು ಬೆಚ್ಚುವ ಕನ್ನಡಿ. ಮಕ್ಕಳು ಅಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಿಕೊಳ್ಳಬಹುದು, ಹಾಲು ಕುಡಿಯಬಹುದು, ಕೌದಿ ಒದ್ದೆ ಮಾಡಬಹುದು. ಶಿವಗಂಗಮ್ಮ ಗೊಣಗಿದ್ದನ್ನು ಯಾರೂ ಕಂಡಿಲ್ಲ. ಮಾತು ಮಾತ್ರ ಕೂಡದು. ಲಾಲಿಯನ್ನೂ ಅಲ್ಲಿ ಮಾತಿಲ್ಲದೆ, ಬರೀ ಮೂಗಿನಲ್ಲಿ ಹಾಡುತ್ತಾರೆ. ಕಿಟಕಿಯ ಬಿಸಿಲು, ಆ ಗುಂಯ್ ಅನ್ನುವ ಲಾಲಿ, ನಾಲ್ಕು ಕಾಲಿನ ಮೇಲೆ ಸದ್ದಿಲ್ಲದೆ ಓಡಾಡುವ ಊರಿನ ದೊಡ್ಡಮನುಷ್ಯರು. ಅಲ್ಲಿಂದ ಹೊರಗೆ ಬಂದು ಎದ್ದು ನಿಂತರೆ ನಿದ್ದೆಯಿಂದ ಎದ್ದ ಹಾಗೆ ತಲೆ ಸುತ್ತುತ್ತದೆ.

ನಮ್ಮಪ್ಪ ದೊಡ್ಡೀರಯ್ಯ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಕೆಲಸದಲ್ಲಿದ್ದವನು. ಬಸ್ಸು ಹೊರಡುವ ಮುನ್ನ ಅದು ಹೋಗುವ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಅವುಗಳಲ್ಲಿ ಒಂದನ್ನೂ ಅವನು ಕಂಡಿರಲಿಲ್ಲ. ಅಂಥ ಬಾಯಿಯವನನ್ನು ಕಟ್ಟಿಕೊಂಡರೂ ಮನೆಯಲ್ಲಿ ಮಾತಿನ ಯಜಮಾನಿಕೆ ಅವ್ವನದೇ. ಅವ್ವ ಸಾಕಮ್ಮ ಒಲೆಯ ಜೊತೆ, ಹಾಲಿನ ಜೊತೆ, ಉಕ್ಕುವ ಅನ್ನದ ಜೊತೆ ಮಾತಾಡುತ್ತಿದ್ದಳು. ಹೆಗಲ ಮೇಲೆ ಸದಾ ಒಂದು ಮಸಿಬಟ್ಟೆ. ಬಿಸಿ ಪಾತ್ರೆ ಇಳಿಸಲಿಕ್ಕೂ ಅದೇ, ಕೈ ಒರೆಸಲಿಕ್ಕೂ ಅದೇ, ಬೀದಿಯ ಮಕ್ಕಳನ್ನು ಆಡಿಸಲಿಕ್ಕೂ ಅದೇ. ಮಗುವಿನ ಮುಖದ ಮೇಲೆ ಅದನ್ನು ಹಾಕಿ, ಎಲ್ಲೋಯ್ತು ಪಾಪು ಎಂದು ಹುಡುಕಾಡಿ, ಬಟ್ಟೆ ಎಳೆದು, "ಇಲ್ಲೈ...ತೆ" ಅನ್ನುತ್ತಿದ್ದಳು. ಆ ಮಾತನ್ನು ನಡುವೆ ಎಳೆದು, ಕೊನೆಗೆ ಥಟ್ಟನೆ ಬಿಟ್ಟುಬಿಡುವುದು ಅವಳದೇ ರೀತಿ. ನಾನೂ ಆ ಹೊಗೆ ಮತ್ತು ಹಾಲಿನ ವಾಸನೆಯೊಳಗೆ ಎಷ್ಟೋ ಸಲ ಕಳೆದುಹೋಗಿ ಸಿಕ್ಕವಳೇ.

ಮಳೆಗಾಲದ ಮೊದಲಲ್ಲಿ ಅವ್ವ ತೀರಿಕೊಂಡಾಗ ನಾನು ತುಂಬು ಬಸುರಿ. ಅವಳ ಬೆಳ್ಳಿ ಕುಂಕುಮದ ಭರಣಿಯನ್ನು ಕೊಡೋಣ, ಹೊಳೆಯುತ್ತದೆ, ಮಕ್ಕಳು ನೋಡುತ್ತವೆ ಎಂದು ನಾನು ಹೇಳಿದೆ. ಅಪ್ಪ ಕೇಳಲಿಲ್ಲ. ಭರಣಿಯನ್ನು ಅವಳು ವರ್ಷಕ್ಕೊಂದು ಸಲ ತೆಗೆಯುತ್ತಿದ್ದಳು, ಅದು ಅವಳದಲ್ಲ ಪೆಟ್ಟಿಗೆಯದು ಎಂದು ವಾದಿಸಿ, ಮಸಿಬಟ್ಟೆಯನ್ನೇ ಮಡಿಸಿಕೊಂಡು ಹೋಗಿ ಕೊಟ್ಟುಬಂದ. ಊರಿನವರು ಮುಸಿಮುಸಿ ನಕ್ಕರು. ನಸೀಬು ನೋಡಿ, ಅದನ್ನಿಟ್ಟ ಜಾಗದ ಪಕ್ಕದಲ್ಲೇ ಎದುರುಮನೆ ಪಂಕಜಮ್ಮನ ಅತ್ತೆಯ ಹಿತ್ತಾಳೆ ಗಿಂಡಿ. ಬಂದ ಮಗುವೆಲ್ಲ ಗಿಂಡಿಗೇ ಅಂಟಿಕೊಳ್ಳುತ್ತಿತ್ತು. ಬೂದಿ ಬಣ್ಣದ, ಅಂಚು ಸುಟ್ಟ ಒಂದು ತುಂಡು ಬಟ್ಟೆಯನ್ನು ಯಾವ ಕೂಸು ನೋಡೀತು? ದೀಪಾವಳಿಯ ಹೊತ್ತಿಗೆ ಬಟ್ಟೆಯ ನೆರಳು ಹೋಯಿತು. ಸಂಕ್ರಾಂತಿ ಕಳೆದ ಮೇಲೆ, ಗಾಳಿಗೆ ಹಾರಿಹೋಗದಿರಲಿ ಎಂದು ಶಿವಗಂಗಮ್ಮ ಅದರ ಮೇಲೊಂದು ಬೆಣಚುಕಲ್ಲು ಇಟ್ಟಳು.

ಇನ್ನು ನಂಬಿಕೆಯೆಂದು ಉಳಿದದ್ದು ನನ್ನ ಮಗಳೊಬ್ಬಳೇ. ಬಾಣಂತನಕ್ಕೆ ಬಂದವಳು ನಾನು ತೌರಿನಲ್ಲೇ ನಿಂತುಬಿಟ್ಟಿದ್ದೆ. ಎಣ್ಣೆ ನೀರಿನಿಂದ ಹಿಡಿದು ಬೆಳ್ಳುಳ್ಳಿ ಸಾರಿನ ತನಕ ನನ್ನ ಬಾಣಂತನವನ್ನೆಲ್ಲ ಮಾಡಿದವನು ಅಪ್ಪನೇ. ಗಂಡಸು ಮಾಡಿದ ಬಾಣಂತನ ಎಂದು ಹೆಂಗಸರು ಆಡಿಕೊಂಡರೂ ಯಾರಿಗೂ ಅದರಲ್ಲಿ ಕೊಂಕು ತೆಗೆಯಲಾಗಲಿಲ್ಲ. ನನ್ನ ಗಂಡ ಬೋರೇಶ ಹೆಂಚಿನ ಕಾರ್ಖಾನೆಯಲ್ಲಿದ್ದಾನೆ, ಭಾನುವಾರ ಬಂದು ಹೋಗುತ್ತಾನೆ. ಮಗುವಿಗೆ ಇಂಚರ ಎಂದು ಹೆಸರಿಟ್ಟವನು ಅವನು. ಇಂಪಾದ ದನಿ ಎಂದು ಅದರ ಅರ್ಥ. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೂಗುತ್ತಿರಲಿಲ್ಲ.

ಏಕೆಂದರೆ ಬಟ್ಟೆಯ ನೆರಳು ಹೋದ ದಿನ ಅಪ್ಪ ಮಾತು ಬಿಟ್ಟಿದ್ದ. ಮಗು ಒಂದು ಮಾತು ಆಡಿತೆಂದರೆ, ನಮಗೆ ಅರ್ಥವಾಗುವ ಒಂದೇ ಒಂದು ಮಾತು, ಅವತ್ತಿನಿಂದ ಅದರ ನೋಟಕ್ಕೆ ಸಾಮಾನುಗಳನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬೇರೆ ಊರುಗಳಲ್ಲಿ ಬುದ್ಧಿವಾದ ಇದ್ದೀತು, ನಮ್ಮೂರಿನಲ್ಲಿ ಅದು ಇದ್ದದ್ದು ಇದ್ದ ಹಾಗೆ. ಸಾಮಾನು ಮಾಸುತ್ತಿರುವ ಮನೆಗಳವರು ಮಕ್ಕಳ ಮುಂದೆ ಮಾತು ಕಡಿಮೆ ಮಾಡುವುದುಂಟು. ಅಪ್ಪ ಪೂರ್ತಿ ನಿಲ್ಲಿಸಿದ. ಕೈಸನ್ನೆಯಲ್ಲೇ ಊಟಕ್ಕೆ ಕರೆಯುತ್ತಿದ್ದ, ಕಣ್ಸನ್ನೆಯಲ್ಲೇ ಹಾಲಿನವನನ್ನು ಬಾಗಿಲಿನಿಂದ ಆಚೆ ಕಳಿಸುತ್ತಿದ್ದ. ದೇವರ ಗಂಟೆಯ ನಾಲಿಗೆಗೆ ಅರಳೆ ಸುತ್ತಿದ. ಬೇಡ ಎನ್ನಲು ನನಗೂ ಮನಸ್ಸು ಬರಲಿಲ್ಲ. ನನಗೂ ಅವ್ವನ ದನಿ ಬೇಕಿತ್ತು. ಸಂಜೆಯ ಹೊತ್ತು ಕಣ್ಣು ಮುಚ್ಚಿದರೆ ಅದು ಅಡುಗೆಮನೆಯ ಕಡೆಯಿಂದ ಇನ್ನೂ ಕೇಳಿಬರುತ್ತಿತ್ತು, ಮೊದಲಿಗಿಂತ ಸ್ವಲ್ಪ ದೂರದಿಂದ.

ಅಷ್ಟೇ ಅಲ್ಲ, ಅಪ್ಪ ಒಂದು ಉಪಾಯವನ್ನೂ ಹೂಡಿದ. ಹಳೆಯ ಪಂಚೆಯ ತುಂಡಿಗೆ ಮಸಿ ಮೆತ್ತಿ, ಒಲೆಯ ಹೊಗೆಗೆ ಹಿಡಿದು, ಅವ್ವನದರಂಥದೇ ಬಟ್ಟೆಯೊಂದನ್ನು ಮಾಡಿದ. ದಿನವೂ ಅದನ್ನು ತನ್ನ ಮುಖಕ್ಕೆ ಹಾಕಿಕೊಂಡು ಮಗುವಿನ ಮುಂದೆ ಕೂರುತ್ತಿದ್ದ. ಮಗು ಎಳೆಯಬೇಕು, ಮುಖ ಕಾಣಬೇಕು. ಬಟ್ಟೆಯ ರುಚಿ ಹತ್ತಿದರೆ ಮ್ಯೂಸಿಯಮ್ಮಿನಲ್ಲೂ ಅದನ್ನೇ ಹುಡುಕಿ ಹೋಗುತ್ತಾಳೆಂಬ ಲೆಕ್ಕಾಚಾರ. ಬುಧವಾರ ಬುಧವಾರ ಕರೆದೊಯ್ದರೂ ಅವಳು ಇನ್ನೂ ಅದರ ಕಡೆ ತಿರುಗಿರಲಿಲ್ಲ. ಆಟವೇನೋ ಅವ್ವನದೇ. ಆದರೆ ಬಟ್ಟೆ ಸರಿದಾಗ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಮೊದಮೊದಲು ಮಗು ಅವನ ಬಾಯಿಯನ್ನೇ ನೋಡುತ್ತ ಕಾಯುತ್ತಿತ್ತು. ಏನೋ ಬರಬೇಕಿತ್ತು ಎಂದು ಅದಕ್ಕೆ ಹೇಗೆ ಗೊತ್ತಾಯಿತೋ. ಬಾರದಿದ್ದಾಗ ಮೊದಲು ಅಳುತ್ತಿತ್ತು, ಬರಬರುತ್ತ ಅಳುವುದನ್ನೂ ಬಿಟ್ಟು ಸುಮ್ಮನೆ ಮುಖ ತಿರುಗಿಸಿಕೊಳ್ಳುವುದನ್ನು ಕಲಿಯಿತು.

ಅದನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಅವಳ ಓರಗೆಯ ಮಕ್ಕಳು ಅಮ್ಮ, ತಾತ, ಕಾಗೆ ಎಂದು ಜಗುಲಿಗಳ ಮೇಲೆ ತೊದಲತೊಡಗಿದಾಗ ನನ್ನ ಮಗಳು ಗೋಡೆ ಹಿಡಿದು ನಡೆದರೂ ಬಾಯಿಂದ ಗಾಳಿಯಷ್ಟೂ ಸದ್ದು ಬಿಡುತ್ತಿರಲಿಲ್ಲ. ಬಚ್ಚಲಿನಲ್ಲಿ ನೀರು ಹುಯ್ಯುವ ಸದ್ದಿನ ಮರೆಯಲ್ಲಿ ಕಂದ, ಚಿನ್ನ, ಬಂಗಾರಿ ಎಂದು ನಾನು ಪಿಸುಗುಟ್ಟಿದರೆ ನನ್ನನ್ನು ಹೊಸಬಳ ಹಾಗೆ ನೋಡುತ್ತಿತ್ತು. ಒಂದು ಭಾನುವಾರ ಬೋರೇಶ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇವಳಿಗೆ ಕಿವಿ ಕೇಳಿಸುತ್ತದೆಯೇ ಎಂದು ಕೇಳಿದ. ಕೇಳಿದವನು ಉತ್ತರಕ್ಕೆ ಕಾಯದೆ ಬಸ್ಸಿಗೆ ಹೊರಟುಹೋದ.

ಅವತ್ತು ಸಂಜೆ ಅಪ್ಪನನ್ನು ಹಿತ್ತಿಲಿಗೆ ಕರೆದೆ. ಮಗು ಮಲಗಿತ್ತು.

"ಅಪ್ಪ, ಅವ್ವನ ದನಿ ಉಳಿಸೋಕೆ ಹೋಗಿ ಮಗೀನ ದನೀನೇ ಮಣ್ಣು ಮಾಡ್ತಾ ಇದೀವಿ ಕಣಪ್ಪ," ಅಂದೆ.

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತ. ಅಷ್ಟು ದಿನ ಬಳಸದೆ ಅವನ ದನಿ ಕಟ್ಟಿಹೋಗಿತ್ತು.

"ಮಳೆ ಬೀಳೋಗಂಟ ತಡ್ಕೊ ಮಗ. ಒಂದೇ ಬುಧವಾರ ಉಳಿದಿರೋದು. ಅವ್ಳು ಪೂರ್ತಿ ಹೊಂಟೋದ್ರೆ ನಾನು ಯಾರ ಮಾತು ಕೇಳ್ಕಂಡು ಬದುಕಲಿ?"

ಅವನು ಒಳಗೆ ಹೋದ ಮೇಲೆ ಒಗೆಯುವ ಕಲ್ಲಿನ ಮೇಲೆ ನಾನು ಕೂತೆ.

ಆ ಬುಧವಾರ ಮೋಡ ಎಷ್ಟು ಕೆಳಗಿತ್ತೆಂದರೆ ಊರೇ ಮೊಣಕಾಲೂರಿದ ಹಾಗಿತ್ತು. ಮ್ಯೂಸಿಯಮ್ಮಿನ ಹೊಸಿಲಲ್ಲಿ ಮಗುವನ್ನು ಇಳಿಸಿ ನಾನೂ ಅಪ್ಪನೂ ಅದರ ಹಿಂದೆ ಮಂಡಿಯೂರಿದೆವು. ಒಳಗೆ ಆಗಲೇ ನಾಲ್ಕಾರು ತಾಯಂದಿರು ಇದ್ದರು. ಮೂಗಿನ ಲಾಲಿ ಕಂಬದಿಂದ ಕಂಬಕ್ಕೆ ಸುತ್ತುತ್ತಿತ್ತು. ಪಂಕಜಮ್ಮ ತನ್ನ ಗಿಂಡಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅದರ ಹೊಳಪಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಸೂರು ನೋಡುತ್ತಿದ್ದಳು.

ಇಂಚರ ಮೊದಲು ಬೋಗುಣಿಯ ಹತ್ತಿರ ಹೋಗಿ ದಾಸವಾಳವನ್ನು ಮುಳುಗಿಸಿದಳು. ಅದು ಮತ್ತೆ ತೇಲಿತು, ಮತ್ತೆ ಮುಳುಗಿಸಿದಳು. ಸೀರೆಯ ಸುರಂಗದೊಳಗೆ ಹೋಗಿ ಎಷ್ಟೋ ಹೊತ್ತು ಬರಲೇ ಇಲ್ಲ. ಬಂದವಳು ಕನ್ನಡಿಯನ್ನು ನೆಕ್ಕಿದಳು. ಹೊರಗೆ ಗುಡುಗಿತು. ಆಗ ಅವಳು ತಿರುಗಿ, ಯಾರೋ ಕರೆದ ಹಾಗೆ ನೇರವಾಗಿ ಗಿಂಡಿಯ ಕಡೆ ಹೊರಟಳು. ಪಂಕಜಮ್ಮನ ಮುಖ ಅರಳಿತು. ನನ್ನ ಮಗಳು ಗಿಂಡಿಯನ್ನು ಮೊಣಕೈಯಿಂದ ಆಚೆ ನೂಕಿ, ಬೆಣಚುಕಲ್ಲನ್ನು ಉರುಳಿಸಿ, ಅವ್ವನ ಮಸಿಬಟ್ಟೆಯನ್ನು ಎತ್ತಿಕೊಂಡಳು.

ಬಟ್ಟೆ ಎಂದು ಹೇಳಲಿಕ್ಕೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆಯಷ್ಟು ಇತ್ತು. ಅದನ್ನು ಹಿಡಿದುಕೊಂಡೇ ಅವಳು ಅಪ್ಪನ ಹತ್ತಿರ ಬಂದು, ಅವನ ಮುಖದ ಮೇಲೆ ಹೊದಿಸಿ, ಎದುರಿಗೆ ಕೂತಳು. ಕೂತು, ನೋಡತೊಡಗಿದಳು.

ಲಾಲಿ ನಿಂತಿತು. ಶಿವಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಣತೆ ಹಿಡಿದು ತೆವಳುತ್ತ ಬಂದಳು, ಏಕೆಂದರೆ ನೋಟ ತಾಗಿತೋ ಇಲ್ಲವೋ ಗೊತ್ತಾಗುವುದು ನೆರಳಿನಿಂದ. ಹಣತೆಯ ಬೆಳಕಿನಲ್ಲಿ ನಾನು ಕಂಡೆ. ಅಪ್ಪನ ಎದೆಯ ಮೇಲೆ ಬಟ್ಟೆಯ ಅಂಚಿನ ನೆರಳು ಎಳೆಯೆಳೆಯಾಗಿ ಬರುತ್ತಿತ್ತು. ಹೊಗೆ ಮತ್ತು ಹಾಲಿನ ವಾಸನೆ ಬಂತು. ಇನ್ನೊಂದು ಗಳಿಗೆ ಅವಳು ಹಾಗೇ ನೋಡಿದ್ದರೆ ಸಾಕಿತ್ತು, ಬಟ್ಟೆ ನಿಲ್ಲುತ್ತಿತ್ತು. ತೆಳ್ಳಗಿನ ಆ ಬಟ್ಟೆಯಾಚೆ ಅಪ್ಪನ ಕಣ್ಣು ನನಗೂ ಕಾಣುತ್ತಿತ್ತು. ಅವಳು ನೋಡುತ್ತಿದ್ದದ್ದು ಬಟ್ಟೆಯನ್ನೋ, ಬಟ್ಟೆಯಾಚೆಯ ಅಜ್ಜನನ್ನೋ ಯಾರಿಗೆ ಗೊತ್ತು.

ಅವಳು ಕಾಯುತ್ತಿದ್ದಳು. ಮನೆಯಲ್ಲಿ ಎಂದೂ ಬಾರದ್ದು ಇಲ್ಲಾದರೂ ಬಂದೀತೇ ಎಂದು ಅಜ್ಜನ ಬಾಯಿಯ ಕಡೆ ನೋಡಿದಳು. ತುಟಿ ಅದುರಿತು. ಈಗ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ದೊಡ್ಡವರ ಹಾಗೆ ಒಂದು ಸಲ ಉಸಿರು ಎಳೆದುಕೊಂಡು, ಮೆಲ್ಲಗೆ ಮುಖ ತಿರುಗಿಸಿಕೊಳ್ಳತೊಡಗಿದಳು.

ಅಪ್ಪ ಅದನ್ನು ದಿನವೂ ಕಂಡಿದ್ದ. ಆದರೆ ದಿನವೂ ಅವನ ಮುಂದೆ ಇರುತ್ತಿದ್ದದ್ದು ತಾನೇ ಮಸಿ ಮೆತ್ತಿದ ಸುಳ್ಳು ಬಟ್ಟೆ. ಅವತ್ತು ಅವನು ಅದನ್ನು ಅವ್ವನ ಬಟ್ಟೆಯೊಳಗಿಂದ ನೋಡಿದ. ಬಟ್ಟೆಯನ್ನು ತಾನೇ ಎಳೆದು ತೆಗೆದು, ಮಾತೇ ಕೂಡದ ಆ ಮ್ಯೂಸಿಯಮ್ಮಿನಲ್ಲಿ, ಬಸ್ ಸ್ಟ್ಯಾಂಡಿನ ತನ್ನ ಹಳೆಯ ಗಂಟಲಿನಿಂದ ಕೂಗಿದ.

"ಇಲ್ಲೈ...ತೆ!"

ಕಂಬಗಳು ಅದುರಿದವು. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು. ಗಂಟಲು ಅಪ್ಪನದು, ಆದರೆ ನಡುವೆ ಎಳೆದು ಕೊನೆಗೆ ಥಟ್ಟನೆ ಬಿಟ್ಟ ಆ ರೀತಿ ಅವ್ವನದು, ಅವ್ವನೇ ಬಂದು ಹೇಳಿದ ಹಾಗಿದೆ ಎಂದು ಆ ಕ್ಷಣದಲ್ಲಿ ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಇಂಚರ ಅಜ್ಜನ ಬಾಯಿಯನ್ನೇ ನೋಡಿದಳು. ಬೆರಳು ಹಾಕಿ ಅವನ ನಾಲಿಗೆ ಮುಟ್ಟಿದಳು. ಆಮೇಲೆ ಅವಳ ಬಾಯಿ ತೆರೆಯಿತು.

"ಇಯ್ಯೈ...ತೆ," ಅಂದಳು.

ಅಪ್ಪನ ಕೈಯಲ್ಲಿ ಬಟ್ಟೆ ಇರಲಿಲ್ಲ. ಬೆರಳುಗಳು ಹಿಡಿದ ಹಾಗೇ ಇದ್ದವು, ನಡುವೆ ಏನೂ ಇರಲಿಲ್ಲ. ಹೊರಗೆ ಮಳೆ ಹನಿಯತೊಡಗಿತು. ಶಿವಗಂಗಮ್ಮ ಹಣತೆಯನ್ನು ಆರಿಸಿದಳು. ಮಾತಾಡಿದವರನ್ನು ಹೊರಗೆ ಕಳಿಸಬೇಕಾದವಳು, ಹಾಗೆ ಮಾಡದೆ, ನನ್ನ ಮಗಳ ತಲೆ ಸವರಿ ಕೌದಿ ಮಡಿಸಲು ಹೋದಳು. ಗಿಂಡಿಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದ ಪಂಕಜಮ್ಮ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಗಿಂಡಿಯಿಂದಾಗಿ ಅವಳ ಮೇಲಿದ್ದ ಸಿಟ್ಟು ನನಗೆ ಅವತ್ತೇ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ತಾನು ಕಾಣದ ಊರುಗಳ ಹೆಸರನ್ನೆಲ್ಲ ಕೂಗಿದ. ಮಳೆಯಲ್ಲಿ ನೆನೆಯುತ್ತ ಮೂವರೂ ನಡೆದೆವು. ಬಾಗಿಲು ತೆಗೆದು ಒಳಗೆ ಬಂದ ಮೇಲೆ ಅಪ್ಪ ಅಡುಗೆಮನೆಯ ಹೊಸಿಲಲ್ಲಿ ನಿಂತು ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಅವ್ವ ಒಲೆಗೆ ಬೈಯುತ್ತಿದ್ದ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಆದರೆ ಅವು ಯಾವ ದನಿಯಲ್ಲೂ ಇರಲಿಲ್ಲ. ಅಪ್ಪ ನೆಲದ ಮೇಲೆ ಕೂತು ಅತ್ತ. ಅವನು ಅತ್ತದ್ದು ಸದ್ದು ಮಾಡಿಯೇ, ಬಾಯಿ ಬಿಟ್ಟೇ. ಇನ್ನು ಯಾರಿಂದಲೂ ಬಚ್ಚಿಡಬೇಕಾದ್ದು ಏನೂ ಇರಲಿಲ್ಲ.

ಆಮೇಲೆ ಮಗುವಿಗೆಂದು ನಾನು ಒಲೆಯ ಮೇಲಿಟ್ಟ ಹಾಲು ಉಕ್ಕಿತು. ಅಪ್ಪ ಎದ್ದು ಹೆಗಲ ಟವೆಲ್ಲಿನಿಂದ ಪಾತ್ರೆಯನ್ನು ಹಿಡಿದು ಇಳಿಸಿದ. ಟವೆಲ್ಲಿಗೆ ಮಸಿ ಮೆತ್ತಿತು. ಅಂದಿನಿಂದ ಅದೇ ಅವನ ಹೆಗಲಿನಲ್ಲಿದೆ, ಒಗೆಯಲು ಹಾಕು ಎಂದು ನಾನು ಕೇಳಿಲ್ಲ. ಈಗ ನಮ್ಮ ಮನೆಯಲ್ಲಿ ಮಾತಿಗೆ ಬರವಿಲ್ಲ. ಬೋರೇಶ ಭಾನುವಾರ ಬಂದರೆ ಅವನಿಗೆ ಬಾಯಿ ಹಾಕಲು ಸಂದಿ ಸಿಗುವುದಿಲ್ಲ.

ಈಗ ಬೆಳೆದಿರುವ ಇಂಚರ ಪಂಕಜಮ್ಮನ ಮೊಮ್ಮಗುವನ್ನು ನಮ್ಮ ಜಗುಲಿಯಲ್ಲಿ ಆಡಿಸುತ್ತಾಳೆ. ಅಜ್ಜನ ಟವೆಲ್ಲನ್ನು ಅದರ ಮುಖಕ್ಕೆ ಹಾಕಿ ಎಳೆದು, ಆ ಮಾತನ್ನು ಹೇಳುತ್ತಾಳೆ. ನಾಲಿಗೆ ಸರಿಯಾಗಿ ತಿರುಗುವಂತಾದರೂ ಅವಳು ಅದನ್ನು ನಡುವೆ ಎಳೆಯುತ್ತಾಳೆ, ಕೊನೆಗೆ ಥಟ್ಟನೆ ಬಿಟ್ಟುಬಿಡುತ್ತಾಳೆ. ನಾನು ಹಾಗೆ ಮಾತಾಡುವುದಿಲ್ಲ. ಅಪ್ಪನೂ ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದ, ಅವನಿಗೆ ಹಾಗೆ ಬರಲಿಲ್ಲ. ಅದು ಯಾರ ರೀತಿ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಅವಳು ಜಗುಲಿಯಲ್ಲಿ ಆಡಿಸತೊಡಗಿದರೆ ಅಪ್ಪ ಒಳಗೆ ಮಾಡುತ್ತಿದ್ದ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕೂರುತ್ತಾನೆ, ನಾನು ಒಲೆಯ ಉರಿ ಸಣ್ಣ ಮಾಡುತ್ತೇನೆ.